ಅಲಗಿನ ಮೇಲೆ ಉದ್ದಕ್ಕೂ ಗೆರೆ ಕೊರೆದಿರುತ್ತಾರಲ್ಲ, ಅದು ಯಾತಕ್ಕೆ?

ಗುಬ್ಬಿ ತೋಟದವ

ಎಲ್ಲರಿಗೂ ನಮಸ್ಕಾರ. ತೋಟಕ್ಕೊಂದು ಮಚ್ಚು, ಮನೆಗೊಂದು ದೊಡ್ಡ ಚಾಕು ಬೇಕಿತ್ತು. ತುಮಕೂರಿನ ಮಂಡಿಪೇಟೆ ಕಡೆ ಹೋಗಿದ್ದೆ. ಅಂಗಡಿಯವರು ಒಂದೇ ಅಳತೆಯ ಎರಡು ಚಾಕು ಮುಂದಿಟ್ಟರು. ಒಂದು ಸಾದಾ. ಇನ್ನೊಂದರ ಎರಡೂ ಮೈಯಲ್ಲಿ, ಬೆನ್ನಿನ ಪಕ್ಕಕ್ಕೆ, ಹಿಡಿಯಿಂದ ಮುಂದಕ್ಕೆ ಒಂದು ಗೆರೆ ಕೊರೆದಿದ್ದರು. ಗೆರೆ ಇರುವುದಕ್ಕೆ ಬೆಲೆ ಜಾಸ್ತಿ. ಯಾಕೆ ಅಂದರೆ, "ಇದು ರಕ್ತ ಹರಿಯುವ ಗೆರೆ ಸಾರ್, ಮಿಲಿಟರಿ ಮಾಡೆಲ್. ಅಲಗು ಸಿಕ್ಕಿಕೊಳ್ಳಲ್ಲ, ಗಟ್ಟಿನೂ ಜಾಸ್ತಿ" ಅಂದರು.

ನಾನು ಕೊಯ್ಯುವುದು ಬಾಳೆಗೊನೆ, ಎಳನೀರು, ಹಲಸು. ಅದಕ್ಕೆ ಈ ಗೆರೆಯಿಂದ ಏನಾದರೂ ಉಪಯೋಗ ಇದೆಯಾ? ನಿಜವಾಗಿ ಅದನ್ನು ಯಾಕೆ ಕೊರೆಯುತ್ತಾರೆ? ಗೊತ್ತಿದ್ದವರು ಬಿಡಿಸಿ ಹೇಳಿ. ಎರಡನ್ನೂ ತಗೊಳ್ಳದೆ ಬಂದಿದ್ದೇನೆ.

ಚಿಂತಾಮಣಿ ಚೇತನ

ಅಂಗಡಿಯವರು ಹೇಳಿದ್ದು ಸರಿ ಇದೆ ಅಣ್ಣ. ನಾನೂ ಚಿಕ್ಕಂದಿನಿಂದ ಇದನ್ನೇ ಕೇಳಿದ್ದೇನೆ. ಅಲಗು ಒಳಗೆ ಹೋದಾಗ ಮಾಂಸ ಸುತ್ತಲೂ ಹಿಡಿದುಕೊಳ್ಳುತ್ತದೆ, ಗಾಳಿ ಹೋಗಲು ಜಾಗ ಇಲ್ಲದಿದ್ದರೆ ಹೊರಗೆ ಎಳೆಯಲು ಆಗುವುದಿಲ್ಲ. ಗೆರೆ ಇದ್ದರೆ ಅದರೊಳಗೆ ಗಾಳಿ ಹೋಗುತ್ತದೆ, ರಕ್ತ ಬರುತ್ತದೆ, ಅಲಗು ಸಲೀಸಾಗಿ ಬರುತ್ತದೆ. ಬಂದೂಕಿನ ತುದಿಯ ಬಯೊನೆಟ್ ನೋಡಿ, ಅದರಲ್ಲೂ ಗೆರೆ ಇರುತ್ತದೆ.

ಮಟನ್ ಸ್ಟಾಲ್ ಕೋಲಾರ

ಚೇತನ ಅವರೇ, ನಮ್ಮದು ತಲೆಮಾರಿನಿಂದ ಇದೇ ಕೆಲಸ. ಬೆಳಗಾದರೆ ಮಾಂಸದೊಳಗೆ ಚಾಕು ಹಾಕುವುದು, ತೆಗೆಯುವುದು. ನಮ್ಮ ಅಂಗಡಿಯಲ್ಲಿರುವ ಒಂದು ಚಾಕುವಿಗೂ ಗೆರೆ ಇಲ್ಲ. ಚರ್ಮ ಸುಲಿಯುವುದಕ್ಕೆ ಇಲ್ಲ, ಮೂಳೆ ಬಿಡಿಸುವುದಕ್ಕೆ ಇಲ್ಲ, ಕೊಚ್ಚುವ ಕತ್ತಿಗೆ ಇಲ್ಲವೇ ಇಲ್ಲ. ಮಾಂಸ ಅಲಗನ್ನು ಹೀರಿ ಹಿಡಿದುಕೊಳ್ಳುವುದು ನಿಜವಾಗಿದ್ದರೆ ಮೊದಲು ತೊಂದರೆ ಆಗಬೇಕಾದ್ದು ನಮಗೆ ಅಲ್ವಾ? ತೊಡೆಯೊಳಗೆ ಹಿಡಿಯವರೆಗೆ ಚಾಕು ಹೋದರೂ ಹಾಗೇ ಹೊರಗೆ ಬರುತ್ತದೆ. ಸಿಕ್ಕಿಕೊಳ್ಳುವುದು ಎರಡು ಮೂಳೆ ಮಧ್ಯೆ, ಕೀಲಿನಲ್ಲಿ. ಅಲ್ಲಿ ಗೆರೆ ಇದ್ದರೂ ಸಿಕ್ಕಿಕೊಳ್ಳುತ್ತದೆ, ಸ್ವಲ್ಪ ಅಲ್ಲಾಡಿಸಿ ತೆಗೆಯಬೇಕು, ಅಷ್ಟೇ.

ಇನ್ನೊಂದು ಮಾತು. ಗೆರೆ ಇದ್ದರೆ ಕೊಬ್ಬು ಅದರೊಳಗೆ ಕೂರುತ್ತದೆ. ಸುಮ್ನೆ ತೊಳೆಯುವ ಕೆಲಸ ಹೆಚ್ಚು. ನಮಗೆ ಅಲಗಿನ ಮೈ ನುಣ್ಣಗಿರಬೇಕು, ಒಂದು ಸಲ ಬಟ್ಟೆಯಲ್ಲಿ ಒರೆಸಿದರೆ ಚೊಕ್ಕಟ ಆಗಬೇಕು.

ಕುಲುಮೆ ಮನೆ ತಿಪಟೂರು

ನಮ್ಮಪ್ಪ, ತಾತ ಕುಲುಮೆ ಕೆಲಸದವರು. ನಾನೂ ಬಿಟ್ಟಿಲ್ಲ. ಗೆರೆ ಹೇಗೆ ಮಾಡುತ್ತಾರೆ ಅನ್ನುವುದನ್ನು ಮೊದಲು ಹೇಳುತ್ತೇನೆ. ಯಾಕೆ ಅನ್ನುವುದು ಅದರಲ್ಲೇ ಅರ್ಧ ಗೊತ್ತಾಗುತ್ತದೆ.

ಎರಡು ದಾರಿ ಇದೆ. ಈಗ ಅಂಗಡಿಯಲ್ಲಿ ಸಿಗುವುದೆಲ್ಲ ಯಂತ್ರದಲ್ಲಿ ಕೊರೆದದ್ದು ಅಥವಾ ಕಲ್ಲಿನ ಚಕ್ರದಲ್ಲಿ ಉಜ್ಜಿದ್ದು. ಅಂದರೆ ಕಬ್ಬಿಣ ಪುಡಿಯಾಗಿ ಹೊರಗೆ ಹೋಯಿತು. ಹಿಂದಿನ ಪದ್ಧತಿ ಬೇರೆ. ಅಲಗನ್ನು ಕಿತ್ತಳೆ ಬಣ್ಣಕ್ಕೆ ಕಾಯಿಸಿ ಅಡಿಗಲ್ಲಿನ ಮೇಲೆ ಇಟ್ಟು, ಅದರ ಮೇಲೆ ದುಂಡು ಮೂತಿಯ ಉಪಕರಣ ಹಿಡಿದು, ಇನ್ನೊಬ್ಬ ಸಮ್ಮಟಿಗೆಯಲ್ಲಿ ಹೊಡೆಯುತ್ತಾನೆ. ಒಂದೊಂದು ಏಟಿಗೂ ಉಪಕರಣವನ್ನು ಅರ್ಧ ಬೆರಳಷ್ಟು ಮುಂದೆ ಸರಿಸಬೇಕು. ಎರಡು ಮೈಯಲ್ಲೂ ಒಟ್ಟಿಗೆ ಮೂಡಬೇಕಾದರೆ ಕೆಳಗೂ ಅಂಥದ್ದೇ ಒಂದು, ಮೇಲೂ ಒಂದು ಇಟ್ಟು ಮಧ್ಯೆ ಅಲಗು ತೂರಿಸುತ್ತಾರೆ. ಹೀಗೆ ಮಾಡಿದಾಗ ಕಬ್ಬಿಣ ಎಲ್ಲೂ ಹೋಗುವುದಿಲ್ಲ. ಗೆರೆ ಬಿದ್ದ ಕಡೆಯಿಂದ ಪಕ್ಕಕ್ಕೆ ತಳ್ಳಿಕೊಂಡು ಹೋಗುತ್ತದೆ. ಅಲಗು ಅಗಲ ಆಗುತ್ತದೆ. ಅದೇ ಕಬ್ಬಿಣದಲ್ಲಿ ಇನ್ನೂ ಅಗಲದ ಅಲಗು ಬಂತು, ತೂಕ ಏರಲಿಲ್ಲ. ಒಳ್ಳೆಯ ಉಕ್ಕು ಸುಲಭಕ್ಕೆ ಸಿಗದ ಕಾಲದಲ್ಲಿ ಇದು ದೊಡ್ಡ ಲಾಭ.

ಉದ್ದದ ಕತ್ತಿಗೆ ಇದು ಬೇಕೇ ಬೇಕು. ಎರಡೂವರೆ ಅಡಿ ಉದ್ದದ ಅಲಗನ್ನು ದಪ್ಪ ಮಾಡಿದರೆ ಕೈ ಸೋಲುತ್ತದೆ, ತೆಳ್ಳಗೆ ಮಾಡಿದರೆ ಬಳುಕುತ್ತದೆ. ಬೆನ್ನು ದಪ್ಪ ಇರಬೇಕು, ಬಾಯಿ ಕಡೆ, ಅಂದರೆ ಕತ್ತರಿಸುವ ಅಂಚಿನ ಕಡೆ, ಕಬ್ಬಿಣ ಇರಬೇಕು, ಮಧ್ಯೆ ಮಾತ್ರ ತೆಳ್ಳಗಿರಬೇಕು. ರೈಲು ಕಂಬಿಯನ್ನು ಅಡ್ಡಕ್ಕೆ ಕೊಯ್ದು ನೋಡಿದರೆ ಮೇಲೆ ದಪ್ಪ, ಕೆಳಗೆ ದಪ್ಪ, ನಡು ತೆಳ್ಳಗೆ ಇರುತ್ತದಲ್ಲ, ಅದೇ ಲೆಕ್ಕ.

ಕೆಲಸ ಕಷ್ಟದ್ದು. ಒಂದು ಮೈಯ ಗೆರೆ ಇನ್ನೊಂದು ಮೈಯದಕ್ಕಿಂತ ಸ್ವಲ್ಪ ಆಳ ಆದರೂ ಹದ ಕೊಡಲು ನೀರಿಗೆ ಅದ್ದಿದಾಗ ಅಲಗು ಒಂದು ಕಡೆಗೆ ತಿರುಚಿಕೊಳ್ಳುತ್ತದೆ. ತೆಳು ಕಡೆ ಬೇಗ ತಣಿಯುತ್ತದೆ, ದಪ್ಪ ಕಡೆ ನಿಧಾನ. ಇಷ್ಟೆಲ್ಲ ಕಷ್ಟಪಟ್ಟು ಯಾರೂ ಬರೀ ಅಂದಕ್ಕೆ ಗೆರೆ ಹಾಕುತ್ತಿರಲಿಲ್ಲ. ಈಗ ಯಂತ್ರಕ್ಕೆ ಅದು ಒಂದು ನಿಮಿಷದ ಕೆಲಸ. ಅದಕ್ಕೇ ಬೇಕಿಲ್ಲದ ಕಡೆಯೆಲ್ಲ ಗೆರೆ.

ಗುಬ್ಬಿ ತೋಟದವ

ಚೆನ್ನಾಗಿ ಹೇಳಿದಿರಿ ಅಣ್ಣ. ಹಾಗಾದರೆ ಮಚ್ಚಿಗೆ ಗೆರೆ ಬೇಕಾ?

ಕುಲುಮೆ ಮನೆ ತಿಪಟೂರು

ಬೇಡ. ಮಚ್ಚಿನಲ್ಲಿ ಕೆಲಸ ಮಾಡುವುದೇ ತೂಕ. ತೆಂಗಿನಕಾಯಿಗೆ ಏಟು ಹಾಕುವಾಗ ಮಚ್ಚಿನ ಮೂತಿಯ ಭಾರ ಏಟನ್ನು ಕೆಳಗೆ ಒಯ್ಯಬೇಕು. ಅಲ್ಲಿಂದ ಕಬ್ಬಿಣ ತೆಗೆದರೆ ನಿಮ್ಮ ರಟ್ಟೆ ಆ ಕೆಲಸ ಮಾಡಬೇಕಾಗುತ್ತದೆ. ನಮ್ಮ ಕಡೆ ಎಳನೀರು ಕೆತ್ತುವವರು ಮಚ್ಚು ತಗೊಳ್ಳುವಾಗ ಮೊದಲು ಕೈಯಲ್ಲಿ ತೂಗಿ ನೋಡುವುದು ಅದಕ್ಕೇ. ಮೂತಿ ಹಗುರ ಅನಿಸಿದರೆ ವಾಪಸ್ ಇಡುತ್ತಾರೆ.

ಒಂದು ಎಚ್ಚರಿಕೆ. ನಾವು ಮಚ್ಚು ಮಾಡುವುದು ಹೆಚ್ಚಾಗಿ ಗಾಡಿಗಳ ಹಳೆಯ ಕಮಾನ್ ಪ್ಲೇಟಿನಲ್ಲಿ, ಅಂದರೆ ಸ್ಪ್ರಿಂಗ್ ಪಟ್ಟಿಯಲ್ಲಿ. ರೈಲ್ವೆ ಬೋಗಿಯ ಹಳೆಯ ಕಮಾನ್ ಪ್ಲೇಟುಗಳಲ್ಲಿ ಕೆಲವಕ್ಕೆ ಒಂದು ಮೈಯಲ್ಲಿ ಗೆರೆ, ಇನ್ನೊಂದು ಮೈಯಲ್ಲಿ ಏಣು ಇರುತ್ತದೆ. ಒಂದರ ಏಣು ಇನ್ನೊಂದರ ಗೆರೆಯಲ್ಲಿ ಕೂತು ಪ್ಲೇಟುಗಳು ಅಕ್ಕಪಕ್ಕಕ್ಕೆ ಜಾರದಿರಲಿ ಅಂತ ಅದು ಇರುವುದು. ಅಂಥ ಪ್ಲೇಟು ಬಂದರೆ ನಾವು ತಟ್ಟಿ ಸಮ ಮಾಡುತ್ತೇವೆ. ಸಮ ಮಾಡದೆ ಹಾಗೇ ಬಿಟ್ಟ ಮಚ್ಚನ್ನು ಯಾರಾದರೂ ‘ಗೆರೆ ಮಚ್ಚು, ಸ್ಪೆಷಲ್’ ಅಂತ ಕೊಟ್ಟರೆ ಜಾಸ್ತಿ ದುಡ್ಡು ಕೊಡಬೇಡಿ.

ಚಿಂತಾಮಣಿ ಚೇತನ

ಮಚ್ಚಿನ ವಿಷಯ ಒಪ್ಪುತ್ತೇನೆ. ಮಟನ್ ಅಂಗಡಿ ಅಣ್ಣ ಹೇಳಿದ್ದಕ್ಕೂ ಉತ್ತರ ಇಲ್ಲ. ಆದರೂ ನನ್ನ ಪ್ರಶ್ನೆ ಹಾಗೇ ಉಳಿಯಿತು. ಸೇನೆಯವರು ಸುಮ್ನೆ ಖರ್ಚು ಮಾಡುತ್ತಾರಾ? ಬಯೊನೆಟ್ಟಿನಲ್ಲಿ ಚುಚ್ಚುವುದೇ ಕೆಲಸ. ಅಲ್ಲಿ ಗೆರೆ ಯಾಕಿದೆ?

ಮಧುಗಿರಿ ಕೋಟೆ

ಈ ಪ್ರಶ್ನೆಗೆ ಸೇನೆಯ ಹಳೆಯ ಬಯೊನೆಟ್ಟುಗಳೇ ಉತ್ತರ ಕೊಡುತ್ತವೆ. ನನಗೆ ಹಳೆಯ ಆಯುಧಗಳ ಇತಿಹಾಸ ಓದುವ ಹುಚ್ಚು, ಸ್ವಲ್ಪ ಉದ್ದ ಬರೆಯುತ್ತೇನೆ.

ಮೊದಲ ಮಹಾಯುದ್ಧಕ್ಕೆ ಹೋದ ಬ್ರಿಟಿಷ್ ಮತ್ತು ಭಾರತೀಯ ಸಿಪಾಯಿಗಳ ಕೈಯಲ್ಲಿದ್ದ ಲೀ ಎನ್‌ಫೀಲ್ಡ್ ಬಂದೂಕಿಗೆ 1907ರ ಮಾದರಿಯ ಬಯೊನೆಟ್ ಇತ್ತು. ಅಲಗಿನ ಉದ್ದ 17 ಇಂಚು. ಎರಡೂ ಮೈಯಲ್ಲಿ ಸುಮಾರು 12 ಇಂಚು ಉದ್ದದ ಗೆರೆ. ಬಂದೂಕಿನ ಮೂತಿಯಲ್ಲಿ ಇಷ್ಟುದ್ದದ ಕಬ್ಬಿಣ ನೇತಾಡಿದರೆ ಮುಂಭಾರ ಆಗುತ್ತದೆ, ಗುರಿ ಹಿಡಿಯುವುದು ಕಷ್ಟ. ತೂಕ ಇಳಿಸಲೇಬೇಕು, ಆದರೆ ಅಲಗು ಬಾಗಬಾರದು. ಅದಕ್ಕೆ ಗೆರೆ.

ಮುಂದೆ ಏನಾಯಿತು ನೋಡಿ. ಎರಡನೇ ಮಹಾಯುದ್ಧದ ಹೊತ್ತಿಗೆ ಬಂಗಾಳದ ಇಶಾಪುರದ ಬಂದೂಕು ಕಾರ್ಖಾನೆ ಇದೇ ಬಯೊನೆಟ್ಟನ್ನು 12 ಇಂಚಿಗೆ ಇಳಿಸಿತು. ಮೊದಲ ಗಿಡ್ಡ ಮಾದರಿಯಲ್ಲಿ ಗೆರೆ ಇತ್ತು. ಆಮೇಲಿನ ಮಾದರಿಯಲ್ಲಿ ಗೆರೆಯನ್ನೇ ಕೈಬಿಟ್ಟರು. ಅಲಗು ಗಿಡ್ಡ ಆದ ಮೇಲೆ ತೂಕದ ಚಿಂತೆ ಕಡಿಮೆ, ಕೊರೆಯುವ ಕೆಲಸವೂ ಉಳಿಯಿತು. ಇಂಗ್ಲೆಂಡಿನಲ್ಲಿ ಅದೇ ಹೊತ್ತಿಗೆ ನಂಬರ್ 4 ಬಂದೂಕಿಗೆ 8 ಇಂಚಿನ ಮೊಳೆಯಂಥ ಬಯೊನೆಟ್ ಬಂತು. ಮೊದಲನೆಯದಕ್ಕೆ ನಾಲ್ಕೂ ಕಡೆ ತೋಡು ತೆಗೆದಿದ್ದರು, ಅಡ್ಡ ಕೊಯ್ದರೆ ಕೂಡಿಸುವ ಗುರುತಿನ ಆಕಾರ. ಬೇಗ ಬೇಗ ತಯಾರಾಗಬೇಕು ಅಂತ ಎರಡನೇ ಮಾದರಿಯಲ್ಲಿ ತೋಡೆಲ್ಲ ತೆಗೆದು ಬರೀ ದುಂಡು ಸಲಾಕೆ ಮಾಡಿಬಿಟ್ಟರು.

ಚುಚ್ಚಿ ಹೊರಗೆಳೆಯಲು ಗೆರೆ ಬೇಕೇ ಬೇಕಾಗಿದ್ದರೆ, ಯುದ್ಧದ ನಡುವೆ ಅದನ್ನು ಬಿಟ್ಟುಬಿಡುತ್ತಿದ್ದರಾ? ಬಿಟ್ಟರು. ಹಾಗೇ ಸಾವಿರಾರು ಸಿಪಾಯಿಗಳಿಗೆ ಕೊಟ್ಟರು.

ಅದಕ್ಕೂ ಹಿಂದೆ, ಟಿಪ್ಪು ಕಾಲದ ಕಂಪನಿ ಸಿಪಾಯಿಗಳ ಬಂದೂಕಿಗೆ ಇದ್ದದ್ದು ಮೂರು ಏಣಿನ ಬಯೊನೆಟ್. ಅದರ ಮೈಗಳನ್ನೂ ಒಳಕ್ಕೆ ತಗ್ಗಾಗಿ ಮಾಡುತ್ತಿದ್ದರು. ಅದರಿಂದ ಆದ ಗಾಯ ಹೊಲಿಯಲು ಬರುವುದಿಲ್ಲ, ಅದಕ್ಕೇ ನಿಷೇಧ ಮಾಡಿದರು ಅಂತ ಒಂದು ಕಥೆ ಓಡಾಡುತ್ತದೆ. ಹಾಗೆ ಏನೂ ಇಲ್ಲ. ಕಡಿಮೆ ಕಬ್ಬಿಣದಲ್ಲಿ ಬಾಗದ ಸಲಾಕೆ ಬೇಕಿತ್ತು, ಮೂರು ಏಣಿನ ಆಕಾರ ಅದನ್ನು ಕೊಡುತ್ತದೆ.

ನಮ್ಮ ಜಿಲ್ಲೆಯ ಮಾತೂ ಒಂದು ಸೇರಿಸುತ್ತೇನೆ. ತಿಪಟೂರಿನವರು ಉಕ್ಕು ಸಿಗದ ಕಾಲ ಅಂದರಲ್ಲ. ಟಿಪ್ಪು ಸತ್ತ ಮೇಲೆ 1800-01ರಲ್ಲಿ ಕಂಪನಿಯ ವೈದ್ಯ ಫ್ರಾನ್ಸಿಸ್ ಬುಕಾನನ್ ಈ ಸೀಮೆಯಲ್ಲೆಲ್ಲ ತಿರುಗಾಡಿ ಬರೆದಿಟ್ಟ. ಮಧುಗಿರಿ, ಚನ್ನರಾಯನದುರ್ಗದ ಕಡೆ ಮಳೆನೀರಿಗೆ ಕೊಚ್ಚಿಬರುವ ಕಪ್ಪು ಮರಳಿನಿಂದ ಕಬ್ಬಿಣ ತೆಗೆಯುತ್ತಿದ್ದರು. ಆ ಕಬ್ಬಿಣವನ್ನು ಮಣ್ಣಿನ ಮೂಸೆಯಲ್ಲಿ ಇಟ್ಟು ಕಾಯಿಸಿ ಉಕ್ಕು ಮಾಡುತ್ತಿದ್ದರು. ಒಂದೊಂದು ಮೂಸೆಯಿಂದ ಬರುತ್ತಿದ್ದದ್ದು ಸಣ್ಣ ಗಟ್ಟಿ. ಅದು ಕಲ್ಲುಕುಟಿಗರ ಉಳಿಗೆ, ಕತ್ತಿಯ ಅಲಗಿಗೆ ಹೋಗುತ್ತಿತ್ತು. ಅಂಥ ಉಕ್ಕನ್ನು ಯಾರೂ ದಂಡ ಮಾಡುವುದಿಲ್ಲ.

ಕೆಜಿಎಫ್ ಮಿಲ್ಲಿಂಗ್

ಎಲ್ಲರೂ ‘ತೂಕ ಇಳಿಯುತ್ತದೆ, ಗಟ್ಟಿ ಉಳಿಯುತ್ತದೆ’ ಅನ್ನುತ್ತಿದ್ದೀರಿ. ಎಷ್ಟು ಇಳಿಯುತ್ತದೆ, ಎಷ್ಟು ಉಳಿಯುತ್ತದೆ ಅಂತ ಲೆಕ್ಕ ಹಾಕೋಣ. ಜೀವಮಾನವೆಲ್ಲ ಲೋಹ ಕೊರೆಯುವ ಮಿಲ್ಲಿಂಗ್ ಯಂತ್ರದ ಮುಂದೆ ನಿಂತವನು ನಾನು, ಅಳತೆ ಇಲ್ಲದೆ ಮಾತಾಡಲು ಮನಸ್ಸು ಬರುವುದಿಲ್ಲ.

ಲೆಕ್ಕ ಸುಲಭ ಆಗಲಿ ಅಂತ ಚಪ್ಪಟೆ ಪಟ್ಟಿ ಅಂದುಕೊಳ್ಳಿ. 30 ಮಿ.ಮೀ. ಅಗಲ, 4 ಮಿ.ಮೀ. ದಪ್ಪ. ಸರಿಯಾಗಿ ನಡುವೆ, ಎರಡೂ ಮೈಯಲ್ಲಿ 10 ಮಿ.ಮೀ. ಅಗಲ, 1 ಮಿ.ಮೀ. ಆಳದ ಗೆರೆ ಕೊರೆದೆವು. ಅಡ್ಡಕೊಯ್ತ 120 ಚದರ ಮಿ.ಮೀ. ಇದ್ದದ್ದು 100 ಆಯಿತು. ಅಂದರೆ ತೂಕ ಆರರಲ್ಲಿ ಒಂದು ಪಾಲು ಹೋಯಿತು.

ಈಗ ಬಾಗುವುದು. ಬಾಯಿ ಕೆಳಗೆ, ಬೆನ್ನು ಮೇಲೆ ಮಾಡಿ ಒತ್ತಿದರೆ, ಅಂದರೆ ಕತ್ತರಿಸುವ ದಿಕ್ಕಿನಲ್ಲಿ, ಮೊದಲಿನ ಬಿಗಿ (ಬಾಗದೆ ತಡೆಯುವ ಶಕ್ತಿ) 100 ಅಂದುಕೊಂಡರೆ ಈಗ 98. ಇಳಿದದ್ದು ಎರಡಕ್ಕಿಂತ ಕಡಿಮೆ! ನಡುವಿನ ಕಬ್ಬಿಣ ಆ ದಿಕ್ಕಿನಲ್ಲಿ ಹೆಚ್ಚುಕಡಿಮೆ ಸುಮ್ಮನೆ ಕೂತಿರುತ್ತದೆ, ಕೆಲಸ ಮಾಡುವುದು ಬೆನ್ನು ಮತ್ತು ಬಾಯಿ.

ಮೈ ಮೇಲೆ ಒತ್ತಿದರೆ, ಅಂದರೆ ಅಲಗು ಅಕ್ಕಪಕ್ಕಕ್ಕೆ ಬಳುಕುವ ದಿಕ್ಕಿನಲ್ಲಿ, 100 ಇದ್ದದ್ದು 71ಕ್ಕೆ ಇಳಿಯುತ್ತದೆ. ಇದನ್ನು ಯಾರೂ ಹೇಳುವುದಿಲ್ಲ. ಆದ್ದರಿಂದ ‘ಗೆರೆ ಕೊರೆದರೆ ಅಲಗು ಇನ್ನೂ ಗಟ್ಟಿ ಆಗುತ್ತದೆ’ ಅನ್ನುವುದು ಸುಳ್ಳು. ಇದ್ದ ಕಬ್ಬಿಣವನ್ನು ತೆಗೆದ ಮೇಲೆ ಗಟ್ಟಿ ಹೆಚ್ಚಾಗಲು ಸಾಧ್ಯವೇ ಇಲ್ಲ.

ಹಾಗಾದರೆ ಲಾಭ ಎಲ್ಲಿ? ಗೆರೆ ಬೇಡ, ಅಷ್ಟೇ ತೂಕವನ್ನು ಪಟ್ಟಿಯ ದಪ್ಪ ಕಡಿಮೆ ಮಾಡಿ ಇಳಿಸುತ್ತೇನೆ ಅನ್ನಿ. 4 ಮಿ.ಮೀ. ಬದಲು 3.33 ಮಿ.ಮೀ. ಆಗ ಅಕ್ಕಪಕ್ಕದ ಬಿಗಿ 58ಕ್ಕೆ ಬೀಳುತ್ತದೆ. ಕತ್ತರಿಸುವ ದಿಕ್ಕಿನದು 83ಕ್ಕೆ. ಗೆರೆ ಇದ್ದದ್ದು 71 ಮತ್ತು 98. ಅಂದರೆ ಅಷ್ಟೇ ತೂಕದ ಎರಡು ಅಲಗು ಪಕ್ಕದಲ್ಲಿ ಇಟ್ಟರೆ ಗೆರೆ ಇರುವುದೇ ಗಟ್ಟಿ. ತಿಪಟೂರಿನ ಅಣ್ಣ ಹೇಳಿದ ಬಡಿದು ಮಾಡುವ ಪದ್ಧತಿಯಲ್ಲಿ ಇನ್ನೂ ಲಾಭ, ಯಾಕೆಂದರೆ ಅಲ್ಲಿ ಅಗಲ ಕೂಡ ಬೆಳೆಯುತ್ತದೆ.

ಚಿಂತಾಮಣಿ ಚೇತನ

ಸರ್, ಲೆಕ್ಕ ಅರ್ಥವಾಯಿತು. ನನ್ನ ಹತ್ತಿರ ಒಂದು ಗೆರೆ ಚಾಕು ಇದೆ, ಗುಬ್ಬಿಯವರು ನೋಡಿದಂಥದ್ದೇ ಇರಬೇಕು. ಈಗ ಅಳತೆ ತೆಗೆದೆ. ಗೆರೆ 3 ಮಿ.ಮೀ. ಅಗಲ, ಆಳ ಅರ್ಧ ಮಿ.ಮೀ., ಉದ್ದ 15 ಸೆಂ.ಮೀ. ಎರಡೂ ಕಡೆ ಇದೆ. ಇದರಿಂದ ಎಷ್ಟು ತೂಕ ಉಳಿಯುತ್ತದೆ?

ಕೆಜಿಎಫ್ ಮಿಲ್ಲಿಂಗ್

ಮೂರು ಗುಣಿಸು ಅರ್ಧ, ಎರಡು ಮೈಗೆ ಸೇರಿ 3 ಚದರ ಮಿ.ಮೀ. ಉದ್ದ 150. ಒಟ್ಟು 450 ಘನ ಮಿ.ಮೀ. ಉಕ್ಕಿನ ತೂಕ ಒಂದು ಘನ ಸೆಂ.ಮೀ.ಗೆ ಸುಮಾರು 7.85 ಗ್ರಾಂ. ನಿಮ್ಮ ಚಾಕುವಿನಲ್ಲಿ ಉಳಿದದ್ದು ಮೂರೂವರೆ ಗ್ರಾಂ.

ಮೇಲೆ ಹೇಳಿದ 10 ಮಿ.ಮೀ. ಅಗಲದ ಗೆರೆ 75 ಸೆಂ.ಮೀ. ಕತ್ತಿಯ ಉದ್ದಕ್ಕೂ ಇದ್ದರೆ ಉಳಿಯುವುದು 118 ಗ್ರಾಂ. ಆ ಕತ್ತಿ ಬೀಸುವವನಿಗೆ ಅದು ಬೆಳಗಿನಿಂದ ಸಂಜೆಯವರೆಗೆ ತಿಳಿಯುತ್ತದೆ. ಮೂರೂವರೆ ಗ್ರಾಂ ನಿಮ್ಮ ಕೈಗೆ ತಿಳಿಯುವುದಿಲ್ಲ. ಚಾಕುವಿನ ಗೆರೆ ಬರೀ ನೋಟಕ್ಕೆ.

ಗುಬ್ಬಿ ತೋಟದವ

ಮೂರೂವರೆ ಗ್ರಾಂಗೆ ಅಷ್ಟು ಹೆಚ್ಚು ದುಡ್ಡು ಕೇಳಿದರು! ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಈ ಉತ್ತರಗಳನ್ನು ನಮ್ಮ ಊರಿನ ಗುಂಪಿಗೂ ಕಳಿಸುತ್ತೇನೆ.

ಶಿಡ್ಲಘಟ್ಟ ಸೊಪ್ಪು

ಇದೇ ವಿಷಯಕ್ಕೆ ಹತ್ತಿರದ ಪ್ರಶ್ನೆ, ಇಲ್ಲೇ ಕೇಳಬಹುದಾ? ನಮ್ಮದು ರೇಷ್ಮೆ ಮನೆ. ಚಾಕಿ ಹುಳುಗಳಿಗೆ, ಅಂದರೆ ಎಳೆಯ ರೇಷ್ಮೆ ಹುಳುಗಳಿಗೆ, ಎಳೆ ಹಿಪ್ಪುನೇರಳೆ ಸೊಪ್ಪನ್ನು ಸಣ್ಣಗೆ ಕತ್ತರಿಸಿ ಹಾಕಬೇಕು. ಸೊಪ್ಪು ಒಣಗಬಾರದು ಅಂತ ಒದ್ದೆ ಗೋಣಿಯಲ್ಲಿ ಮುಚ್ಚಿಟ್ಟಿರುತ್ತೇವೆ, ಹಾಗಾಗಿ ಕತ್ತರಿಸುವಾಗ ಚೂರುಗಳೆಲ್ಲ ಅಲಗಿಗೆ ಅಂಟಿಕೊಂಡು ಮೇಲೆ ಮೇಲೆ ಬರುತ್ತವೆ. ಪದೇ ಪದೇ ಕೈಯಲ್ಲಿ ಒರೆಸಿ ತೆಗೆಯಬೇಕು, ಬೆರಳಿಗೆ ಅಪಾಯ. ಅಂಗಡಿಯಲ್ಲಿ ಅಲಗಿನ ಮೇಲೆ ಸಾಲಾಗಿ ಗುಳಿ ಗುಳಿ ಇರುವ ಚಾಕು ನೋಡಿದೆ. ‘ಏನೂ ಅಂಟಲ್ಲ’ ಅಂದರು. ಅದು ಉಪಯೋಗಕ್ಕೆ ಬರುತ್ತದಾ?

ಹೋಟೆಲ್ ಅಡುಗೆ ಚಿಕ್ಕಬಳ್ಳಾಪುರ

ಅಕ್ಕ, ಆ ಗುಳಿಗಳ ಕೆಲಸ ಉದ್ದ ಗೆರೆಯ ಕೆಲಸಕ್ಕಿಂತ ಪೂರ್ತಿ ಬೇರೆ. ತೂಕಕ್ಕೂ ಅದಕ್ಕೂ ಸಂಬಂಧ ಇಲ್ಲ. ಇಂಗ್ಲೆಂಡಿನ ಗ್ರ್ಯಾಂಟನ್ ಕಂಪನಿ 1928ರಲ್ಲಿ ಇದಕ್ಕೆ ಪೇಟೆಂಟ್ ತಗೊಂಡಿತು. ದೊಡ್ಡ ಮಾಂಸದ ತುಂಡನ್ನು ತೆಳ್ಳಗೆ ಹಾಳೆ ಹಾಳೆಯಾಗಿ ಕೊಯ್ಯುವ ಉದ್ದ ಚಾಕುವಿಗೆ ಮಾಡಿದ್ದು. ಎರಡೂ ಮೈಯಲ್ಲಿ ಗುಳಿ ಇರುತ್ತದೆ, ಆದರೆ ಎದುರುಬದುರಾಗಿ ಅಲ್ಲ, ಒಂದು ಬಿಟ್ಟು ಒಂದು. ಗುಳಿ ಬಾಯಿಯ ಅಂಚಿಗೇ ಬಂದು ಮುಟ್ಟುತ್ತದೆ.

ಒದ್ದೆ ಇರುವ, ಅಗಲ ಇರುವ ಹೋಳು ನುಣ್ಣನೆ ಅಲಗಿಗೆ ತಾಗಿದಾಗ ನಡುವೆ ಗಾಳಿ ಇರುವುದಿಲ್ಲ, ತೆಳು ನೀರಿನ ಪದರ ಇರುತ್ತದೆ. ಅದಕ್ಕೆ ಅಂಟುತ್ತದೆ. ಗುಳಿ ಇದ್ದರೆ ಹೋಳಿನ ಹಿಂದೆ ಅಲ್ಲಲ್ಲಿ ಗಾಳಿ ಉಳಿಯುತ್ತದೆ, ಹೋಳು ಬೇಗ ಬಿಡುತ್ತದೆ. ನಮ್ಮ ಅಡುಗೆ ಮನೆಯಲ್ಲಿ ಅಂಥದ್ದು ಒಂದಿದೆ. ಸೌತೆಕಾಯಿ, ಬೇಯಿಸಿದ ಆಲೂಗಡ್ಡೆ, ಪನೀರಿಗೆ ಸ್ವಲ್ಪ ವ್ಯತ್ಯಾಸ ಕಾಣುತ್ತದೆ. ಪೂರ್ತಿ ಅಂಟುವುದೇ ಇಲ್ಲ ಅನ್ನುವುದು ಸುಳ್ಳು.

ನಿಮ್ಮ ಕೆಲಸಕ್ಕೆ ಮಾತ್ರ ಬೇಡ ಅಕ್ಕ. ಗುಳಿ ಕೆಲಸ ಮಾಡಬೇಕಾದರೆ ಹೋಳು ಗುಳಿಗಿಂತ ದೊಡ್ಡದಿರಬೇಕು, ಗುಳಿಯ ಮೇಲೆ ಸೇತುವೆಯ ಹಾಗೆ ಕೂರಬೇಕು. ಚಾಕಿ ಸೊಪ್ಪಿನ ಚೂರು ಗುಳಿಯೊಳಗೇ ಹೋಗಿ ಅಂಟಿ ಕೂರುತ್ತದೆ. ನಿಮಗೆ ಬೇಕಿರುವುದು ಅಗಲ ಕಡಿಮೆ ಇರುವ, ತೆಳ್ಳನೆಯ, ಚೆನ್ನಾಗಿ ಮಸೆದ ಅಲಗು. ಅಲಗಿನ ಅಗಲ ಕಡಿಮೆ ಆದಷ್ಟೂ ಅಂಟಲು ಜಾಗ ಕಡಿಮೆ.

ಶಿಡ್ಲಘಟ್ಟ ಸೊಪ್ಪು

ಸರಿಯಾಗಿ ಹೇಳಿದಿರಿ. ನಮಗೆ ಇನ್ನೊಂದು ಚಿಂತೆಯೂ ಇದೆ. ಚಾಕಿ ಮನೆಯಲ್ಲಿ ಚೊಕ್ಕಟವೇ ಮುಖ್ಯ. ಹಳೆಯ ಸೊಪ್ಪಿನ ರಸ ಗುಳಿಯಲ್ಲಿ ಕೂತರೆ ಹುಳುವಿಗೆ ರೋಗ ತರುವ ದಾರಿ ಆಗುತ್ತದೆ. ತಗೊಳ್ಳುವುದಿಲ್ಲ.

ಗುಬ್ಬಿ ತೋಟದವ

ಹಲಸಿನ ಸೊನೆಗೆ ಗುಳಿ ಚಾಕು ಹೇಗೆ? ನಮ್ಮ ಗುಬ್ಬಿ ಸೀಮೆ ಹಲಸಿಗೆ ಹೆಸರು. ಚೇಳೂರು ಕಡೆಯ ಸಿದ್ದು ಹಲಸಿನ ಸಸಿ ಈಗ ಎಲ್ಲರೂ ಕೇಳುತ್ತಾರೆ. ಹಣ್ಣಿನ ಕಾಲದಲ್ಲಿ ಅಲಗಿನ ಸೊನೆ ತೆಗೆಯುವುದೇ ಒಂದು ಕೆಲಸ.

ಹೋಟೆಲ್ ಅಡುಗೆ ಚಿಕ್ಕಬಳ್ಳಾಪುರ

ಸೊನೆ ಅಂಟುವುದು ನೀರಿನ ಪದರದಿಂದ ಅಲ್ಲ, ಅದು ಗೋಂದು. ಗಾಳಿ ಬಿಟ್ಟರೂ ಅಂಟುತ್ತದೆ. ಗುಳಿಯಲ್ಲಿ ಸೊನೆ ತುಂಬಿಕೊಂಡರೆ ಕೆರೆದು ತೆಗೆಯುವುದು ಇನ್ನೂ ಕಷ್ಟ. ಅಲ್ಲಿ ಕೊಬ್ಬರಿ ಎಣ್ಣೆಯೇ ಮದ್ದು. ಅಲಗಿಗೂ ಕೈಗೂ ಮೊದಲೇ ಸವರಿಕೊಳ್ಳಿ. ತಿಪಟೂರಿನ ಪಕ್ಕದಲ್ಲಿದ್ದೀರಿ, ಎಣ್ಣೆಗೆ ಬರವಿಲ್ಲ.

ಚಿಂತಾಮಣಿ ಚೇತನ

ಗೂರ್ಖಾಗಳ ಬಾಗಿದ ಕತ್ತಿ ಖುಕುರಿಗೆ ಹಿಡಿಯ ಹತ್ತಿರ ಬಾಯಿ ಕಡೆ ಒಂದು ಕಚ್ಚು ಇರುತ್ತದಲ್ಲ. ರಕ್ತ ಹಿಡಿಗೆ ಬರದೆ ಅಲ್ಲೇ ತೊಟ್ಟಿಕ್ಕಲಿ ಅಂತ ಹೇಳುತ್ತಾರೆ. ಅದಾದರೂ ನಿಜವಾ ಮಧುಗಿರಿಯವರೇ?

ಮಧುಗಿರಿ ಕೋಟೆ

ಆ ಕಚ್ಚು ತುಂಬಾ ಸಣ್ಣದು. ಬೀಸಿ ಕಡಿಯುವಾಗ ಬರುವ ದ್ರವವನ್ನು ತಡೆಯುವ ಶಕ್ತಿ ಅದಕ್ಕಿಲ್ಲ. ಕಚ್ಚಿನ ಅರ್ಥದ ಬಗ್ಗೆ ನೇಪಾಳದಲ್ಲೇ ಹಲವು ಮಾತಿದೆ, ಶಿವನ ತ್ರಿಶೂಲದ ಗುರುತು ಅನ್ನುವವರಿದ್ದಾರೆ, ಹಸುವಿನ ಗೊರಸು ಅನ್ನುವವರಿದ್ದಾರೆ. ಕೆಲಸದ ದೃಷ್ಟಿಯಿಂದ ನೋಡಿದರೆ ಅದು ಮಸೆಯುವ ಬಾಯಿ ಮುಗಿಯುವ ಜಾಗ.

ಖುಕುರಿಯಲ್ಲಿ ಗಮನಿಸಬೇಕಾದ್ದು ಅದರ ಮೈ. ಆಂಗ್‌ಖೋಲಾ ಅನ್ನುವ ಬಗೆಯಲ್ಲಿ ಬೆನ್ನಿನ ಪಕ್ಕದಲ್ಲಿ ಅಗಲವಾದ ತಗ್ಗು ಇರುತ್ತದೆ. ಚಿರ್ರಾ ಅನ್ನುವ ಬಗೆಯಲ್ಲಿ ಉದ್ದ ಗೆರೆಗಳು, ತೀನ್ ಚಿರ್ರಾದಲ್ಲಿ ಮೂರು. ಬೆನ್ನು ತುಂಬಾ ದಪ್ಪ ಇರುವ ಆಯುಧ ಅದು. ಬೆನ್ನಿನ ದಪ್ಪ ಉಳಿಸಿಕೊಂಡು ನಡುವಿನ ಭಾರ ಇಳಿಸಿದ್ದಾರೆ. ಕೆಜಿಎಫ್ ಸರ್ ಹಾಕಿದ ಲೆಕ್ಕವನ್ನು ಬೆಟ್ಟದ ಕಮ್ಮಾರರು ಕಣ್ಣಳತೆಯಲ್ಲೇ ಮಾಡಿದ್ದಾರೆ. ನನಗೆ ಇದನ್ನು ನೋಡಿದಾಗಲೆಲ್ಲ ಗೌರವ ಬರುತ್ತದೆ.

ನಮ್ಮ ದೇಶದ ಫಿರಂಗಿ ಕತ್ತಿಗಳಲ್ಲೂ ಈ ಗೆರೆ ನೋಡಬಹುದು. ಯುರೋಪಿನಿಂದ ಹಡಗಿನಲ್ಲಿ ಬಂದ ಅಲಗಿಗೆ ಇಲ್ಲಿನ ಹಿಡಿ ಹಾಕುತ್ತಿದ್ದರು. ಮರಾಠರಿಗೆ ಅದು ಬಲು ಮೆಚ್ಚಿನ ಕತ್ತಿ. ಉದ್ದ ನೇರ ಅಲಗು, ಎರಡು ಮೂರು ಗೆರೆ. ಮ್ಯೂಸಿಯಂಗೆ ಹೋದಾಗ ಗಾಜಿನ ಪಕ್ಕಕ್ಕೆ ನಿಂತು ಓರೆಯಾಗಿ ನೋಡಿ, ಬೆಳಕು ಬಿದ್ದಾಗ ಗೆರೆ ಸ್ಪಷ್ಟ ಕಾಣುತ್ತದೆ.

ವೇದಿಕೆ ನಿರ್ವಾಹಕ

ಒಂದು ಮಾತು ಇಲ್ಲಿ ಹೇಳಬೇಕು. ‘ಮಿಲಿಟರಿ ಮಾಡೆಲ್’ ಅಂತ ಆನ್‌ಲೈನಲ್ಲಿ ಬರುವ ಕಠಾರಿ, ಬಯೊನೆಟ್ ತರಿಸುವ ಮುಂಚೆ ಯೋಚಿಸಿ. 2016ರ ಆಯುಧ ನಿಯಮಗಳ ಪಟ್ಟಿಯಲ್ಲಿ ಕತ್ತಿ, ಕಠಾರಿ, ಬಯೊನೆಟ್ ಇವೆ. 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲದ ಅಲಗಿನ ಚಾಕುಗಳೂ ಇವೆ. ಮನೆ, ಬೇಸಾಯ, ಕಾರ್ಖಾನೆ ಕೆಲಸಕ್ಕೆ ಅಂತ ಮಾಡಿದ ಚಾಕು ಕತ್ತಿಗಳನ್ನು ಅದರಿಂದ ಹೊರಗಿಟ್ಟಿದ್ದಾರೆ. ಮಚ್ಚು ತೋಟದಲ್ಲಿರಲಿ, ಪೇಟೆಗೆ ಹೊರಡುವಾಗ ಬೈಕಿನಲ್ಲಿ ಬೇಡ.

ಮಾಲೂರು ಮಾವು

ನನ್ನದು ಮಡಚುವ ಸಣ್ಣ ಚಾಕು. ಅದರ ಅಲಗಿನ ಮೇಲೂ ಬೆನ್ನಿನ ಹತ್ತಿರ ಒಂದು ಗಿಡ್ಡ ಗೆರೆ ಇದೆ, ಒಂದೇ ಮೈಯಲ್ಲಿ.

ಕೆಜಿಎಫ್ ಮಿಲ್ಲಿಂಗ್

ಅದು ಉಗುರು ಸಿಕ್ಕಿಸಿ ಅಲಗು ತೆರೆಯಲು. ಬೇರೇನಿಲ್ಲ.

ಗುಬ್ಬಿ ತೋಟದವ

ಸಾದಾ ಚಾಕು ತಗೊಂಡೆ. ಮಚ್ಚನ್ನು ತಿಪಟೂರಿನ ಕುಲುಮೆಯಲ್ಲೇ ಮಾಡಿಸುತ್ತೇನೆ, ಅಣ್ಣ ಒಪ್ಪಿದರೆ. ಬೆನ್ನು ಎಷ್ಟು ದಪ್ಪ ಇರಲಿ?

ಕುಲುಮೆ ಮನೆ ತಿಪಟೂರು

ಬನ್ನಿ, ಮಾಡಿಕೊಡೋಣ. ನಿಮ್ಮ ಕೈ ನೋಡದೆ ದಪ್ಪ ಹೇಳಲು ಬರುವುದಿಲ್ಲ. ಬಾಳೆಗೊನೆಗೆ ಒಂದು ತೂಕ, ಕಾಯಿಗೆ ಒಂದು ತೂಕ. ಎರಡಕ್ಕೂ ಒಂದೇ ಮಚ್ಚು ಬೇಕು ಅಂದರೆ ಹಿಡಿಯ ಹತ್ತಿರ ಬೆನ್ನು ದಪ್ಪ ಇಟ್ಟು ಮೂತಿಗೆ ಹೋಗುತ್ತಾ ಸ್ವಲ್ಪ ಇಳಿಸುತ್ತೇನೆ, ಆದರೆ ಮೂತಿ ಅಗಲ ಬಿಡುತ್ತೇನೆ. ಹಳೆಯ ಮಚ್ಚು ಇದ್ದರೆ ಅದನ್ನೂ ತನ್ನಿ. ಅದರ ಹಿಡಿ ಎಲ್ಲಿ ಸವೆದಿದೆ ಅಂತ ನೋಡಿದರೆ ನೀವು ಹೇಗೆ ಹಿಡಿಯುತ್ತೀರಿ ಅಂತ ಗೊತ್ತಾಗುತ್ತದೆ.

ಚಿಂತಾಮಣಿ ಚೇತನ

ನನ್ನ ಗೆರೆ ಚಾಕುವಿನಲ್ಲಿ ಗೆರೆಯೊಳಗೇ ತುಕ್ಕು ಹಿಡಿಯುತ್ತಿದೆ, ಉಳಿದ ಮೈ ಚೆನ್ನಾಗಿದೆ. ಏನು ಮಾಡಲಿ?

ಕುಲುಮೆ ಮನೆ ತಿಪಟೂರು

ಒರೆಸುವಾಗ ಬಟ್ಟೆ ಗೆರೆಯ ತಳ ಮುಟ್ಟುವುದಿಲ್ಲ, ನೀರು ಅಲ್ಲೇ ನಿಲ್ಲುತ್ತದೆ. ಬಿದಿರು ಕಡ್ಡಿಯ ತುದಿಗೆ ಬಟ್ಟೆ ಸುತ್ತಿ, ಎಣ್ಣೆಯಲ್ಲಿ ಅದ್ದಿ, ನುಣ್ಣನೆ ಬೂದಿ ಹಚ್ಚಿ ಗೆರೆಯ ಉದ್ದಕ್ಕೂ ಎಳೆಯಿರಿ. ಅಡ್ಡಕ್ಕೆ ಉಜ್ಜಬೇಡಿ, ಗೀರು ಬೀಳುತ್ತದೆ. ಕಪ್ಪು ಕಲೆ ಉಳಿದರೆ ಬಿಡಿ, ಅದು ಅಪಾಯ ಇಲ್ಲ. ಕೆಂಪು ಪುಡಿ ಬರುವುದು ನಿಂತರೆ ಸಾಕು. ಆಮೇಲೆ ತೊಳೆದಾಗಲೆಲ್ಲ ಬಾಯಿ ಮೇಲೆ ಮಾಡಿ ಇಡದೆ, ತುದಿ ಕೆಳಗೆ ಮಾಡಿ ಒರಗಿಸಿ ಇಡಿ. ನೀರು ಗೆರೆಯಲ್ಲೇ ಇಳಿದುಹೋಗುತ್ತದೆ.